ಕುರಿಯ ನಾಲಿಗೆ: ಹಾಲುಹಲ್ಲಿನಿಂದ ಬಾಯಿಗೂಡುವವರೆಗೆ

ಕಲಾ ವಿಭಾಗದ ವಿದ್ಯಾರ್ಥಿನಿಯೊಬ್ಬಳು ಕುರಿಯ ನಾಲಿಗೆಯ ಮೇಲೆ ಲೇಖನ ಬರೆಯಹೊರಟಿದ್ದಾಳೆಂದು ಕೇಳಿ ನನ್ನ ಗೆಳತಿಯರು ಸಾಕಷ್ಟು ನಕ್ಕಾಗಿದೆ. "ಹರಿಹರ, ರಾಘವಾಂಕರನ್ನು ಬಿಟ್ಟು ಕುರಿಯ ಬಾಯಿಗೆ ಯಾಕ ಬಿದ್ದಿ?" ಎಂದು ಒಬ್ಬಳು ಕೇಳಿಯೂಬಿಟ್ಟಳು. ಆಕೆಯ ಮಾತಿನಲ್ಲಿ ತಪ್ಪಿಲ್ಲ. ನನ್ನ ಐಚ್ಛಿಕ ವಿಷಯಗಳು ಕನ್ನಡ, ಇತಿಹಾಸ ಮತ್ತು ಅರ್ಥಶಾಸ್ತ್ರ. ಜೀವಶಾಸ್ತ್ರವನ್ನು ಹತ್ತನೆಯ ತರಗತಿಯಿಂದಾಚೆಗೆ ನಾನು ಓದಿದವಳಲ್ಲ. ಆದರೆ ವರ್ಷಕ್ಕೊಮ್ಮೆ ಕಾಲೇಜಿನ ಶುಲ್ಕ, ಬಸ್ಸಿನ ಪಾಸು, ಪುಸ್ತಕಗಳ ಖರ್ಚು ಇವೆಲ್ಲ ಕೂಡಿ ಬಂದಾಗ ನಮ್ಮ ಮನೆಯಿಂದ ಎರಡು ಟಗರುಮರಿಗಳು ಸಂತೆಗೆ ಹೋಗುತ್ತವೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲಿಗಳು. ಹತ್ತಿಸಿದವು ಆ ಮರಿಗಳು. ಇಷ್ಟು ಹೇಳಿದರೆ ಲೇಖನಕ್ಕೆ ಕಾರಣ ಹೇಳಿದಂತಾಯಿತೆಂದು ತಿಳಿಯುತ್ತೇನೆ.

ನಮ್ಮದು ಶಹಾಪುರದಿಂದ ಸುರಪುರಕ್ಕೆ ಹೋಗುವ ದಾರಿಯ ಒಂದು ಹಳ್ಳಿ. ನಾರಾಯಣಪುರದ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ನಮ್ಮ ಸುತ್ತಿನ ಎರೆಹೊಲಗಳಲ್ಲಿ ಜೋಳದ ಜಾಗವನ್ನು ಬಹುಮಟ್ಟಿಗೆ ಭತ್ತವೂ ಹತ್ತಿಯೂ ತುಂಬಿವೆ. ಬೀಳುಭೂಮಿ ಕಡಿಮೆಯಾದದ್ದರಿಂದ ನಮ್ಮ ತಂದೆ ಮತ್ತು ಅಣ್ಣ ವರ್ಷದ ಕೆಲವು ತಿಂಗಳು ಹಿಂಡನ್ನು ಹೊಡೆದುಕೊಂಡು ಪರಊರುಗಳ ಹೊಲಗಳಲ್ಲಿ ರಾತ್ರಿ ಕುರಿ ನಿಲ್ಲಿಸಿ, ಗೊಬ್ಬರಕ್ಕೆ ಬದಲಾಗಿ ಕಾಳುಕಡಿ ಪಡೆದು ಬರುತ್ತಾರೆ. ಹಿಂಡಿನಲ್ಲಿ ಹೆಚ್ಚಿನವು ಕೆಂಗುರಿಗಳು. ಉಳಿದವು ಕರಿಯ ದಖನಿ ಕುರಿಗಳು. ಕೆಂಗುರಿಯೆಂಬುದು ರಾಯಚೂರು, ಕೊಪ್ಪಳ ಮತ್ತು ನಮ್ಮ ಯಾದಗಿರಿ ಸೀಮೆಯ ತಳಿ. ಒಣ ತೆಂಗಿನಕಾಯಿಯ ಸಿಪ್ಪೆಯಂಥ ಕೆಂಗಂದು ಬಣ್ಣ, ಎತ್ತರದ ಕಾಲು. ಉಣ್ಣೆಗಿಂತ ಮಾಂಸಕ್ಕೆ ಹೆಸರಾದುದು.

ಕುರಿಯ ವಯಸ್ಸನ್ನು ನಮ್ಮವರು ವರ್ಷದಿಂದ ಹೇಳುವುದಿಲ್ಲ, ಹಲ್ಲಿನಿಂದ ಹೇಳುತ್ತಾರೆ. ಕುರಿಗೆ ಮೇಲ್ದವಡೆಯ ಮುಂಭಾಗದಲ್ಲಿ ಹಲ್ಲಿಲ್ಲ, ಗಟ್ಟಿಯಾದ ಒಸಡಿನ ಮೆತ್ತೆಯಿದೆ. ಕೆಳಗೆ ಎಂಟು ಬಾಚಿಹಲ್ಲುಗಳು. ಇವು ಮೊದಲು ಹಾಲುಹಲ್ಲು. ಒಂದು, ಒಂದೂವರೆ ವರ್ಷದ ಸುಮಾರಿಗೆ ನಡುವಿನ ಎರಡು ಬಿದ್ದು ದೊಡ್ಡ ಹಲ್ಲು ಬಂದರೆ ಅದು 'ಎರಡು ಹಲ್ಲಿಂದು'. ಹೀಗೆಯೇ ನಾಲ್ಕು, ಆರು. ಮೂರೂವರೆ ನಾಲ್ಕು ವರ್ಷಕ್ಕೆ ಎಂಟೂ ಬಂದರೆ 'ಬಾಯಿ ಗೂಡಿತು' ಎನ್ನುತ್ತಾರೆ. ಸಂತೆಯಲ್ಲಿ ಕೊಳ್ಳುವವನು ಮೊದಲು ಬಾಯಿ ತೆರೆಸಿ ನೋಡುವುದು ಇದಕ್ಕಾಗಿಯೇ. ಆದರೆ ಹಲ್ಲನ್ನು ನೋಡಿದವರು ಅದರ ಹಿಂದೆಯೇ ಮಲಗಿರುವ ನಾಲಿಗೆಯನ್ನು ನೋಡುವುದು ಕಡಿಮೆ. ನಾನು ನೋಡಲಾರಂಭಿಸಿದ್ದು ಅವ್ವನಿಂದ.

ಗಂಡಸರು ಹಿಂಡಿನೊಂದಿಗೆ ಹೋದರೆ ಎಳೆಯ ಮರಿಗಳ ಪಾಲನೆ ಹೆಂಗಸರದು. ಮರಿ ಹುಟ್ಟಿ ಒಡಲು ಒಣಗುವ ಮೊದಲೇ ಅವ್ವ ತನ್ನ ಕಿರುಬೆರಳನ್ನು ಅದರ ಬಾಯಿಯಲ್ಲಿಟ್ಟು ನೋಡುತ್ತಾಳೆ. ಗಟ್ಟಿಮರಿಯಾದರೆ ಒಡನೆ ನಾಲಿಗೆಯನ್ನು ದೋಣಿಯಂತೆ ಬಾಗಿಸಿ ಬೆರಳನ್ನು ಸುತ್ತಿ ಅಂಗುಳಕ್ಕೆ ಒತ್ತಿ ಎಳೆಯುತ್ತದೆ. ಆ ಎಳೆತ ಸೋತಿದ್ದರೆ ಅವ್ವ "ಇದರ ನಾಲಿಗಿ ತಣ್ಣಗದ, ಎಳಿಯಂಗಿಲ್ಲ" ಎಂದು ಹೇಳಿ, ಅದನ್ನು ಕಂಬಳಿಯಲ್ಲಿ ಸುತ್ತಿ ಒಲೆಯ ಪಕ್ಕದಲ್ಲಿ ಇಟ್ಟು, ಗಿಣ್ಣದ ಹಾಲನ್ನು ಹಿಂಡಿ ಒಳಲೆಯಿಂದ ಕುಡಿಸುತ್ತಾಳೆ. ನಿಲ್ಲಲು ಬಾರದ, ಕಣ್ಣು ಸರಿಯಾಗಿ ನೆಡದ ಈ ಪ್ರಾಣಿಗೆ ನಾಲಿಗೆ ಮಾತ್ರ ಹೇಗೆ ಹುಟ್ಟುತ್ತಲೇ ಕೆಲಸ ಬಲ್ಲದು? ಈ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತ್ತು. ಉತ್ತರ ಹುಡುಕುವ ಸಂದರ್ಭ ಮಾತ್ರ ಬೇರೆ ಬಗೆಯಿಂದ, ಯಾರೂ ಬಯಸದ ಬಗೆಯಿಂದ ಒದಗಿಬಂದಿತು.

ನಾನು ಎರಡನೆಯ ವರ್ಷದಲ್ಲಿದ್ದಾಗ ಮಳೆಗಾಲದ ಕೊನೆಗೆ ನಮ್ಮ ಹಿಂಡಿಗೆ ನೀಲಿ ನಾಲಿಗೆ ರೋಗ ಬಿದ್ದಿತು. ಅದರ ವಿಷಯವನ್ನು ಮುಂದೆ ಹೇಳುತ್ತೇನೆ. ಆಗ ಗಬ್ಬದ ಕುರಿಯೊಂದು ನಾಲ್ಕು ತಿಂಗಳ ಮರಿಯನ್ನು ಕಂದು ಹಾಕಿತು. ಅಪ್ಪ ಅದನ್ನು ಹೂಳಲು ಒಯ್ಯುವಾಗ ನಾನು ಅದರ ನಾಲಿಗೆಯನ್ನು ಕೇಳಿದೆ. ಅಪ್ಪ ಒಂದು ಗಳಿಗೆ ನನ್ನ ಮುಖ ನೋಡಿ, ಏನೂ ಕೇಳದೆ ಕೊಯ್ದುಕೊಟ್ಟ. ಮರುದಿನ ಅದನ್ನು ಶೀಶೆಯಲ್ಲಿಟ್ಟುಕೊಂಡು, ಭೀಮಾ ಸೇತುವೆ ದಾಟಿ ಯಾದಗಿರಿಗೆ ಬರುವ ಬಸ್ಸಿನಲ್ಲಿ, ಯಾರಿಗೂ ಕಾಣದಂತೆ ಸೆರಗಿನೊಳಗೆ ಹಿಡಿದುಕೊಂಡು ಬಂದೆ. ಪರಿಚಯದ ಜೀವಶಾಸ್ತ್ರದ ಅಧ್ಯಾಪಕರೊಬ್ಬರು ನಗಲಿಲ್ಲ. ಶೀಶೆಗೆ ಫಾರ್ಮಲಿನ್ ಹಾಕಿಸಿ, "ಒಂದೇ ನಾಲಿಗೆಯಿಂದ ಏನೂ ತಿಳಿಯುವುದಿಲ್ಲ, ಬೇರೆ ಬೇರೆ ವಯಸ್ಸಿನವು ಬೇಕು" ಎಂದರು. ಹಾಗೆ ಶುರುವಾಯಿತು. ಹಿಂಡಿನಲ್ಲಿ ತುಳಿತಕ್ಕೆ ಸಿಕ್ಕು ಸತ್ತ ಹತ್ತು ದಿನದ ಮರಿಯದೊಂದು, ಮಾಂಸದ ಅಂಗಡಿಯ ಚಾಚಾ ಕೊಟ್ಟ ಎರಡು ಹಲ್ಲಿನ ಟಗರಿನದೊಂದು, ಬಾಯಿಗೂಡಿ ಹಲ್ಲು ಸವೆದ ಮುದಿಕುರಿಯದೊಂದು, ಹೀಗೆ ನಾಲ್ಕು ನಾಲಿಗೆಗಳು ಕೂಡಿದವು. ರಜೆಯ ದಿನಗಳಲ್ಲಿ ಆ ಅಧ್ಯಾಪಕರ ಎದುರಿನಲ್ಲಿ ಸೂಕ್ಷ್ಮದರ್ಶಕದಡಿ ನೋಡಿದ್ದನ್ನೂ, ಅವರು ಓದಲು ಕೊಟ್ಟ ಗ್ರಂಥಗಳಿಂದ ತಿಳಿದದ್ದನ್ನೂ ಕೂಡಿಸಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನಾಲಿಗೆಯ ರಚನೆಯನ್ನು ತಿಳಿಯೋಣ. ನಾಲಿಗೆಯನ್ನು ಅಡಿಗೆ ಮಾಡುವ ಮನೆಗಳಲ್ಲಿ ಅದನ್ನು ಮೊದಲು ಕುದಿಸಿ ಮೇಲಿನ ಒರಟು ಸಿಪ್ಪೆಯನ್ನು ಸುಲಿಯುವುದು ಎಲ್ಲರೂ ಬಲ್ಲ ಸಂಗತಿ. ಇಟಲಿಯ ವಿಜ್ಞಾನಿ ಮಾರ್ಸೆಲ್ಲೊ ಮಾಲ್ಪಿಗಿ 1665ರಲ್ಲಿ ನಾಲಿಗೆಯ ಮೇಲೆ ತನ್ನ ಪ್ರಬಂಧವನ್ನು ಪ್ರಕಟಿಸಿದಾಗ ಅವನು ಅನುಸರಿಸಿದ್ದೂ ಈ ಅಡಿಗೆಮನೆಯ ವಿಧಾನವನ್ನೇ. ಎತ್ತಿನ ನಾಲಿಗೆಯನ್ನು ಬೇಯಿಸಿ, ಪದರು ಪದರಾಗಿ ಸುಲಿದು, ಅದರ ಮೇಲಿನ ಗುಬುಟುಗಳನ್ನು ಕಂಡು, ರುಚಿಯ ನೆಲೆ ಅಲ್ಲಿದೆಯೆಂದು ಸೂಚಿಸಿದನು. ಕುರಿಯ ನಾಲಿಗೆಯ ಬುಡದಲ್ಲಿ, ಎರಡೂ ಪಕ್ಕಗಳಲ್ಲಿ ಸುತ್ತ ಕಂದಕವಿರುವ ಗುಂಡನೆಯ ಗುಬುಟುಗಳ ಸಾಲಿದೆ. ಬರಿಗಣ್ಣಿಗೂ ಕಾಣುತ್ತವೆ, ಎಣಿಸಬಹುದು. ಸಾಮಾನ್ಯವಾಗಿ ಒಂದೊಂದು ಪಕ್ಕಕ್ಕೆ 18ರಿಂದ 24. ಆಕಳ ನಾಲಿಗೆ ಇಷ್ಟು ದೊಡ್ಡದಿದ್ದರೂ ಅದರಲ್ಲಿ ಇವು ಕುರಿಗಿಂತ ಕಡಿಮೆ! ಆದರೆ ನನ್ನ ವಿಷಯ ಸಿಪ್ಪೆಯಲ್ಲ, ಸಿಪ್ಪೆಯ ಒಳಗಿನ ಮಾಂಸ.

ಕೈಕಾಲುಗಳ ಮಾಂಸಖಂಡ ಎಲುಬನ್ನು ಹಿಡಿದು ಎಳೆಯುತ್ತದೆ. ನಾಲಿಗೆಯೊಳಗೆ ಎಲುಬಿಲ್ಲ. ಬುಡದಲ್ಲಿ ಕೆಲವು ಸ್ನಾಯುಗಳು ದವಡೆಗೂ ಗಂಟಲಿನ ಚಿಕ್ಕ ಎಲುಬಿಗೂ ಅಂಟಿಕೊಂಡಿವೆಯಾದರೂ ಒಳಮೈಯೆಲ್ಲ ಬರಿಯ ಸ್ನಾಯುತಂತುಗಳ ಹೆಣಿಗೆ. ಕೆಲವು ತಂತುಗಳು ಬುಡದಿಂದ ತುದಿಗೆ ಉದ್ದಕ್ಕೆ, ಕೆಲವು ಎಡದಿಂದ ಬಲಕ್ಕೆ ಅಡ್ಡಕ್ಕೆ, ಕೆಲವು ಮೇಲಿನಿಂದ ಕೆಳಕ್ಕೆ. ನನಗೆ ಇದನ್ನು ನೋಡಿದಾಗ ನೆನಪಾದದ್ದು ನಮ್ಮ ಅಜ್ಜನ ಕಂಬಳಿಯ ಮಗ್ಗ. ಹಾಸಿನಲ್ಲಿ ಹೊಕ್ಕು ನುಗ್ಗುವಂತೆ ಅಡ್ಡ ತಂತುಗಳೂ ಲಂಬ ತಂತುಗಳೂ ಒಂದರ ಸಂದಿನಲ್ಲಿ ಇನ್ನೊಂದು ಹಾಯುತ್ತವೆ. ಉದ್ದನೆಯವು ಅಂಚಿನಲ್ಲಿ ಸುತ್ತುಗಟ್ಟುತ್ತವೆ. ಅಡ್ಡ ತಂತುಗಳು ಕುಗ್ಗಿದರೆ ನಾಲಿಗೆ ಕಿರಿದಾಗಿ ಮುಂದಕ್ಕೆ ಚಾಚುತ್ತದೆ, ಉದ್ದನೆಯವು ಕುಗ್ಗಿದರೆ ಗಿಡ್ಡಾಗಿ ದಪ್ಪಗಾಗುತ್ತದೆ. ನೀರು ತುಂಬಿದ ಚೀಲವನ್ನು ಒಂದು ಕಡೆ ಹಿಚುಕಿದರೆ ಇನ್ನೊಂದು ಕಡೆ ಉಬ್ಬುವ ನ್ಯಾಯವಿದು. ಕಿಯರ್ ಮತ್ತು ಸ್ಮಿತ್ ಎಂಬ ಇಬ್ಬರು ಅಮೆರಿಕದ ವಿಜ್ಞಾನಿಗಳು 1985ರಲ್ಲಿ ನಾಲಿಗೆ, ಆನೆಯ ಸೊಂಡಿಲು ಮತ್ತು ಅಷ್ಟಪದಿಯ ತೋಳುಗಳನ್ನು ಒಂದೇ ವರ್ಗಕ್ಕೆ ಸೇರಿಸಿ ಈ ನ್ಯಾಯವನ್ನು ವಿವರಿಸಿದರು. ನಮ್ಮ ಕುರಿಗೆ ಆನೆಯ ಸಾಲಿನಲ್ಲಿ ಸ್ಥಾನ ಸಿಕ್ಕದ್ದು ಕೇಳಿ ಅಪ್ಪನಿಗೆ ಬಹಳ ಸಂತೋಷವಾಯಿತು.

ಇನ್ನು ಆ ಹುಟ್ಟದ ಮರಿಯ ನಾಲಿಗೆ. ಕುರಿಯ ಗರ್ಭಕಾಲ ಹತ್ತಿರ ಹತ್ತಿರ 150 ದಿನ. ಮೊದಲ ವಾರಗಳಲ್ಲಿಯೇ ತಲೆಯ ಹಿಂಭಾಗದ ಮೊಳಕೆಗಳಿಂದ ಸ್ನಾಯುವಿನ ಬೀಜಕೋಶಗಳು ಹೊರಟು ಬಾಯಿಯ ತಳಕ್ಕೆ ವಲಸೆ ಬರುತ್ತವೆ. ತಮ್ಮ ಹಿಂದೆಯೇ ನರವನ್ನೂ ಎಳೆದು ತರುತ್ತವೆ. ಕೋಶಗಳು ಒಂದರೊಡನೊಂದು ಬೆಸೆದುಕೊಂಡು ಉದ್ದನೆಯ ಕೊಳವೆಗಳಾಗುತ್ತವೆ. ಆಗ ಕೋಶಕೇಂದ್ರಗಳು ಕೊಳವೆಯ ನಡುವೆ ಮಣಿಸರದಂತೆ ಇರುತ್ತವೆ. ಒಳಗೆ ಸಂಕೋಚಿಸುವ ಎಳೆಗಳು ತುಂಬಿದಂತೆಲ್ಲ ಕೇಂದ್ರಗಳು ಅಂಚಿಗೆ ಸರಿಯುತ್ತವೆ. ನಾನು ನೋಡಿದ ನಾಲ್ಕು ತಿಂಗಳ ನಾಲಿಗೆಯಲ್ಲಿ ಹೆಚ್ಚಿನವು ಆಗಲೇ ಅಂಚಿಗೆ ಬಂದಿದ್ದವು. ತಂತುಗಳು ನೂಲಿನೆಳೆಯಷ್ಟು ಸಣ್ಣಗೆ, ಗೊಂಚಲು ಗೊಂಚಲಾಗಿ, ನಡುನಡುವೆ ಲೋಳೆಯಂಥ ಸಡಿಲ ಅಂಗಾಂಶ. ಮೂರೂ ದಿಕ್ಕಿನ ಹೆಣಿಗೆ ಮಾತ್ರ ಸಿದ್ಧ. ಅಂದರೆ ಬಟ್ಟೆ ನೇಯ್ದಾಗಿತ್ತು, ನೂಲು ಮಾತ್ರ ಇನ್ನೂ ತೆಳ್ಳಗಿತ್ತು. ಅವ್ವನ ಬೆರಳಿನ ಪ್ರಶ್ನೆಗೆ ಉತ್ತರ ಅಲ್ಲಿತ್ತು. ಹುಟ್ಟಿದ ಗಳಿಗೆಯಲ್ಲಿಯೇ ಹಾಲು ಎಳೆಯಬೇಕಾದ ಪ್ರಾಣಿಗೆ ನಾಲಿಗೆಯ ಸ್ನಾಯುಗಳು ಕೈಕಾಲಿನ ಸ್ನಾಯುಗಳಿಗಿಂತ ಮುಂಚಿತವಾಗಿ ಪಕ್ವಗೊಳ್ಳುತ್ತವೆ.

ಇಲ್ಲಿ ಕುರಿ ಸಾಕುವವರೆಲ್ಲ ತಿಳಿಯಬೇಕಾದ ಒಂದು ಸಂಗತಿಯಿದೆ. ಸ್ನಾಯುತಂತುಗಳ ಸಂಖ್ಯೆ ಬಹುಮಟ್ಟಿಗೆ ಗರ್ಭದಲ್ಲಿಯೇ ನಿಶ್ಚಿತವಾಗುತ್ತದೆ. ಹುಟ್ಟಿದ ಮೇಲೆ ಮರಿ ಎಷ್ಟೇ ಮೇಯಲಿ, ಹೊಸ ತಂತುಗಳು ಹೆಚ್ಚಾಗಿ ಹುಟ್ಟುವುದಿಲ್ಲ. ಇದ್ದವೇ ದಪ್ಪವಾಗುತ್ತವೆ, ಉದ್ದವಾಗುತ್ತವೆ. ಇದು ನಾಲಿಗೆಗೂ ಸರಿ, ತೊಡೆಗೂ ಸರಿ. ಗಬ್ಬದ ಮೊದಲ ಮತ್ತು ನಡುವಣ ಕಾಲದಲ್ಲಿ ತಾಯಿಕುರಿಗೆ ಮೇವು ಸಾಲದೆ ಹೋದರೆ ಮರಿಯ ತಂತುಗಳ ಸಂಖ್ಯೆಯೇ ತಗ್ಗುತ್ತದೆಂದು ಕುರಿಗಳ ಮೇಲೆ ನಡೆದ ಪ್ರಯೋಗಗಳು ತೋರಿಸಿವೆ. ನಮ್ಮಲ್ಲಿ ಗಬ್ಬದ ಕೊನೆಯ ತಿಂಗಳಲ್ಲಿ, ಹೊಟ್ಟೆ ಇಳಿಬಿದ್ದಾಗ, ಕುರಿಗೆ ಒಂದು ಬೊಗಸೆ ಜೋಳ ಹೆಚ್ಚು ಹಾಕುವ ರೂಢಿಯಿದೆ. ಆಗ ಮರಿ ತೂಕ ಕಟ್ಟುವ ಕಾಲವಾದ್ದರಿಂದ ಅದು ಒಳ್ಳೆಯದೇ. ಆದರೆ ಹೊಟ್ಟೆ ಇನ್ನೂ ಕಾಣದ ಎರಡನೆಯ ಮೂರನೆಯ ತಿಂಗಳಲ್ಲಿ ಯಾರೂ ಲಕ್ಷ್ಯ ಕೊಡುವುದಿಲ್ಲ. ನಾನು ಇದನ್ನು ಮನೆಯಲ್ಲಿ ಹೇಳಿದಾಗ ಅಪ್ಪ, "ಕಾಣಲಾರದ್ದಕ್ಕ ಕಾಳು ಹಾಕೂದು ಹೆಂಗವ್ವಾ?" ಎಂದ. ಬಡವನ ಮನೆಯ ಅರ್ಥಶಾಸ್ತ್ರ ಅದು. ನಮ್ಮ ಪಠ್ಯದಲ್ಲಿ ಅದಕ್ಕೆ ಅಧ್ಯಾಯವಿಲ್ಲ.

ಹತ್ತು ದಿನದ ಮರಿಯ ನಾಲಿಗೆ ನನಗೆ ನಾಲ್ಕರಲ್ಲಿಯೂ ಸುಂದರವಾಗಿ ಕಂಡಿತು. ಒಂದು ಎಳೆಯನ್ನು ಸೂಜಿಯಿಂದ ಬಿಡಿಸಿ, ನೀರು ಬೆರಸಿದ ಸಿರ್ಕಾದ ಹನಿಯಲ್ಲಿಟ್ಟರೆ ಕೋಶಕೇಂದ್ರಗಳು ಎದ್ದು ಕಾಣುತ್ತವೆ. ಮರಿಯ ತಂತುವಿನ ಅಂಚಿನಲ್ಲಿ ಅವು ಒತ್ತೊತ್ತಾಗಿ, ಮಜ್ಜಿಗೆಯ ಮೆಣಸಿನಕಾಯಿಯ ಬೀಜಗಳಂತೆ ತುಂಬಿಕೊಂಡಿದ್ದವು. ಮುದಿಕುರಿಯ ದಪ್ಪ ತಂತುವಿನಲ್ಲಿ ಅವು ದೂರ ದೂರ ಚದುರಿದ್ದವು. ಈ ಕೇಂದ್ರಗಳಲ್ಲಿ ಕೆಲವು ತಂತುವಿನವಲ್ಲ. ತಂತುವಿನ ಹೊರಪೊರೆಗೆ ಅಂಟಿಕೊಂಡು ಕುಳಿತ ಬೇರೆ ಸಣ್ಣ ಕೋಶಗಳವು. ಇವನ್ನು 1961ರಲ್ಲಿ ಅಲೆಕ್ಸಾಂಡರ್ ಮೌರೊ ಎಂಬವರು ಕಪ್ಪೆಯ ಸ್ನಾಯುವಿನಲ್ಲಿ ಇಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಕಂಡು 'ಉಪಗ್ರಹ ಕೋಶ'ಗಳೆಂದು ಕರೆದರು. ನಾನು ಬಳಸಿದ ಸಾಧಾರಣ ಯಂತ್ರದಲ್ಲಿ ಎರಡನ್ನೂ ಬೇರ್ಪಡಿಸಿ ಗುರುತಿಸಲು ಬಾರದು. ಇವು ಒಡೆದು ಎರಡಾಗಿ, ಒಂದು ತಂತುವಿನೊಳಗೆ ಬೆರೆತು ಅದಕ್ಕೆ ಹೊಸ ಕೇಂದ್ರವನ್ನು ಕೊಡುತ್ತದೆ. ಒಂದೊಂದು ಕೇಂದ್ರವೂ ತನ್ನ ಸುತ್ತಲಿನ ಒಂದಿಷ್ಟು ಪ್ರದೇಶಕ್ಕೆ ಮಾತ್ರ ಬೇಕಾದ ಪ್ರೋಟೀನನ್ನು ಒದಗಿಸಬಲ್ಲದಾದ್ದರಿಂದ, ತಂತು ಬೆಳೆಯಬೇಕಾದರೆ ಕೇಂದ್ರಗಳು ಹೆಚ್ಚಬೇಕು. ಎಳೆಯದರಲ್ಲಿ ಇಂಥ ಕೋಶಗಳು ಬಹಳ, ವಯಸ್ಸಾದಂತೆ ಕಡಿಮೆ. ಈ ಮಾತನ್ನು ಓದುಗರು ನೆನಪಿಡಬೇಕು. ರೋಗದ ಪ್ರಸಂಗದಲ್ಲಿ ಮತ್ತೆ ಬರುತ್ತದೆ.

ಮರಿ ಎರಡು ಮೂರು ವಾರಕ್ಕೆ ಗರಿಕೆಯ ತುದಿಯನ್ನು ಮೂಸಿ ಕಡಿಯಲು ಕಲಿಯುತ್ತದೆ. ಎರಡು ತಿಂಗಳ ಸುಮಾರಿಗೆ ಹೊಟ್ಟೆಯ ದೊಡ್ಡ ಚೀಲ ಕೆಲಸಕ್ಕೆ ಸಿದ್ಧವಾಗುತ್ತದೆ. ಆಗ ನಾಲಿಗೆಯ ದುಡಿಮೆಯ ರೀತಿಯೇ ಬದಲು. ಹಾಲು ಎಳೆಯುವುದೊಂದೇ ಬಗೆಯ ಚಲನೆ. ಮೇಯುವುದು, ಮೆಲುಕು ಹಾಕುವುದು ನೂರು ಬಗೆ. ಆಕಳು ತನ್ನ ಉದ್ದ ನಾಲಿಗೆಯನ್ನು ಹುಲ್ಲಿಗೆ ಸುತ್ತಿ ಸೆಳೆಯುತ್ತದೆ. ಕುರಿಯ ಮೇಲ್ದುಟಿ ನಡುವೆ ಸೀಳಿದ್ದು, ಅದು ತುಟಿಯಿಂದ ಹುಲ್ಲನ್ನು ಸರಿಸಿ, ಬಾಚಿಹಲ್ಲು ಮತ್ತು ಒಸಡಿನ ಮೆತ್ತೆಯ ನಡುವೆ ಹಿಡಿದು ನೆಲಕ್ಕೆ ಹತ್ತಿಸಿ ಕಡಿಯುತ್ತದೆ. ಆದಕಾರಣ ಆಕಳು ಬಿಟ್ಟ ಹೊಲದಲ್ಲಿ ಕುರಿ ಬದುಕುತ್ತದೆ. ಕುರಿಯ ನಾಲಿಗೆಯ ಹೆಚ್ಚಿನ ಕೆಲಸವೆಲ್ಲ ಒಳಗೆ. ಕಡಿದದ್ದನ್ನು ಹಿಂದಕ್ಕೆ ದೂಡಬೇಕು, ದವಡೆಹಲ್ಲಿನ ನಡುವೆ ಇಡಬೇಕು, ಹೊಟ್ಟೆಯಿಂದ ಮರಳಿ ಬಂದ ತುತ್ತನ್ನು ಹಿಂಡಿ ರಸವನ್ನು ನುಂಗಿ ಉಳಿದದ್ದನ್ನು ಮತ್ತೆ ಅರೆಯಲು ಕೊಡಬೇಕು. ದಿನಕ್ಕೆ ಎಂಟು ಗಂಟೆಯ ಆಸುಪಾಸು ಮೆಲುಕೇ ನಡೆಯುತ್ತದೆ. ಹಟ್ಟಿಯಲ್ಲಿ ರಾತ್ರಿ ಮಲಗಿದವರಿಗೆ ಆ ಸದ್ದೇ ಜೋಗುಳ. ಈ ಕೆಲಸಕ್ಕೆ ತಕ್ಕಂತೆ ತಂತುಗಳ ಒಳಗಿನ ಸಂಕೋಚಕ ಪ್ರೋಟೀನೂ ಬದಲಾಗುತ್ತದೆ. ಗರ್ಭದ ಮತ್ತು ಶೈಶವದ ರೂಪಗಳು ಹಿಂದೆ ಸರಿದು, ಹಾಲು ಬಿಡುವ ಕಾಲದ ಸುತ್ತಮುತ್ತ ವಯಸ್ಕ ರೂಪಗಳು ನೆಲೆಗೊಳ್ಳುವುದನ್ನು ಇಲಿಗಳ ನಾಲಿಗೆಯಲ್ಲಿ ಕಂಡಿದ್ದಾರೆ. ತಂತುಗಳಲ್ಲಿ ಬೇಗ ಕುಗ್ಗಿ ಬೇಗ ದಣಿಯುವವು, ನಿಧಾನ ಕುಗ್ಗಿ ದಣಿಯದೆ ದುಡಿಯುವವು ಎಂದು ಬಗೆಗಳಿವೆ. ನಾಲಿಗೆಯಲ್ಲಿ ಎರಡೂ ಬೆರೆತಿವೆ. ದಿನವೆಲ್ಲ ಅರೆಯುವ ಎತ್ತಿನ ಕೆನ್ನೆಯ ಸ್ನಾಯುವಂತೂ ಪೂರ್ತಿ ನಿಧಾನದ ಜಾತಿಯದು.

ಎರಡು ಹಲ್ಲಿನ ಟಗರಿನ ತಂತುಗಳನ್ನು ಮರಿಯವುಗಳ ಪಕ್ಕದಲ್ಲಿಟ್ಟು ನೋಡಿದೆ. ಕಣ್ಣಳತೆಗೆ ಎರಡು ಪಟ್ಟಿಗೂ ಮಿಕ್ಕು ದಪ್ಪ. ಅಡ್ಡಗೀರುಗಳು ಸ್ಪಷ್ಟ. ಸ್ನಾಯುತಂತುವಿನ ಈ ಅಡ್ಡಗೀರುಗಳನ್ನು ಹಾಲೆಂಡಿನ ಲ್ಯೂವೆನ್‌ಹುಕ್ 1680ರ ದಶಕದಲ್ಲಿಯೇ ಕಂಡು ವರ್ಣಿಸಿದ್ದನಾದರೂ ಅವು ಏಕೆ ಇವೆಯೆಂಬುದು ತಿಳಿದದ್ದು 1954ರಲ್ಲಿ. ತೆಳುವಾದ ಎಳೆಗಳು ದಪ್ಪ ಎಳೆಗಳ ಸಂದಿನಲ್ಲಿ ಜಾರುವುದೇ ಸಂಕೋಚನವೆಂದು ಹಕ್ಸ್‌ಲಿ ಎಂಬ ಒಂದೇ ಹೆಸರಿನ, ಆದರೆ ಬಳಗವಲ್ಲದ, ಇಬ್ಬರು ವಿಜ್ಞಾನಿಗಳ ತಂಡಗಳು ಬೇರೆ ಬೇರೆಯಾಗಿ ತೋರಿಸಿಕೊಟ್ಟವು. ನಾಲಿಗೆ ಉದ್ದವಾಗುವಾಗ ಗೀರುಗಳ ನಡುವಿನ ಮನೆಗಳು ಹಿಗ್ಗುವುದಿಲ್ಲ. ತಂತುವಿನ ತುದಿಗಳಲ್ಲಿ ಹೊಸ ಮನೆಗಳು ಕೂಡುತ್ತ ಹೋಗುತ್ತವೆ, ಊರು ಅಂಚಿನಲ್ಲಿ ಬೆಳೆದಂತೆ.

ಮುದಿಕುರಿಯ ನಾಲಿಗೆಯ ಕಥೆಯೇ ಬೇರೆ. ಸೂಜಿಗೆ ತಂತು ಸುಲಭವಾಗಿ ಬಿಡಲೊಲ್ಲದು. ತಂತುಗಳನ್ನು ಸುತ್ತಿದ ಸಂಯೋಜಕ ಅಂಗಾಂಶವು ಎಳೆಯದರಲ್ಲಿ ಲೋಳೆಯಂತೆ ಇದ್ದದ್ದು ಇಲ್ಲಿ ನಾರಾಗಿದೆ. ಈ ನಾರಿನ ಮುಖ್ಯ ವಸ್ತುವಾದ ಕೊಲಾಜೆನ್ ವಯಸ್ಸಾದಂತೆ ಪ್ರಮಾಣದಲ್ಲಿ ಹೆಚ್ಚುವುದಕ್ಕಿಂತ ತನ್ನತನ್ನಲ್ಲಿ ಗಂಟು ಹಾಕಿಕೊಳ್ಳುವುದೇ ಮುಖ್ಯ. ಆ ಗಂಟುಗಳು ಬಿಸಿನೀರಿಗೂ ಬೇಗ ಬಿಡುವುದಿಲ್ಲ. ಚಾಚಾ ಇದನ್ನು ತನ್ನ ಮಾತಿನಲ್ಲಿ ಹೇಳಿದ: "ಮರಿ ನಾಲಿಗಿ ಒಂದು ಕುದಿ, ಮುದುಕಿ ನಾಲಿಗಿ ಒಂದು ಮೊಳ ಕಟಗಿ." ಇದಲ್ಲದೆ ತಂತುಗಳ ನಡುವೆ, ವಿಶೇಷವಾಗಿ ಬುಡದ ಕಡೆ, ಕೊಬ್ಬಿನ ಕೋಶಗಳು ಮುತ್ತಿನಂತೆ ಗುಂಪುಗಟ್ಟಿದ್ದವು. ಮರಿಯದರಲ್ಲಿ ಅವು ಇರಲೇ ಇಲ್ಲವೆಂದರೂ ಸಲ್ಲುತ್ತದೆ.

ಇಲ್ಲಿಯೇ ವ್ಯಾಪಾರದ ಒಂದು ಮಾತು. ನಮ್ಮ ಸೀಮೆಯಲ್ಲಿ ಟಗರುಮರಿಗಳನ್ನು ಮೂರು ನಾಲ್ಕು ತಿಂಗಳಿಗೇ ಮಾರಿಬಿಡುತ್ತಾರೆ. ಕೊಂಡವರು ಅವನ್ನು ಕಟ್ಟಿ ಮೇಯಿಸಿ, ದಪ್ಪ ಮಾಡಿ ದುಪ್ಪಟ್ಟಿಗೆ ಮಾರುತ್ತಾರೆ. ತಂತುಗಳ ಸಂಖ್ಯೆಗೆ ಮೇವು ಹಾಕಿದವರು ನಾವು. ದಪ್ಪಕ್ಕೆ ಹಣ ಎಣಿಸಿಕೊಳ್ಳುವವರು ಅವರು! ನಾನು ಇದನ್ನು ಅಣ್ಣನಿಗೆ ಲೆಕ್ಕ ಹಾಕಿ ತೋರಿಸಿದೆ. ಅಣ್ಣ ಸಮಾಧಾನವಾಗಿ ಕೇಳಿ, "ನಿನ್ನ ಫೀಸು ಆರು ತಿಂಗಳು ತಡದ್ರ ನಡೀತದೇನು ತಂಗಿ?" ಎಂದ. ನನ್ನಲ್ಲಿ ಉತ್ತರವಿರಲಿಲ್ಲ.

ಈಗ ಆ ರೋಗದ ವಿಷಯ. ನೀಲಿ ನಾಲಿಗೆ ರೋಗ ಮೊದಲು ವರ್ಣಿತವಾದದ್ದು ದಕ್ಷಿಣ ಆಫ್ರಿಕದಲ್ಲಿ. ಆ ಹೆಸರೂ ಅಲ್ಲಿಯ ರೈತರ ಮಾತಿನಿಂದ ಬಂದುದು. ಭಾರತದಲ್ಲಿ ಅದು ಮೊದಲು ವರದಿಯಾದದ್ದು 1964ರಲ್ಲಿ, ಮಹಾರಾಷ್ಟ್ರದ ಕುರಿಗಳಲ್ಲಿ. ಇಂದು ದಕ್ಷಿಣದ ರಾಜ್ಯಗಳಲ್ಲಿ ಮಳೆಗಾಲ ಮುಗಿಯುವ ಹೊತ್ತಿಗೆ ಅದು ತಲೆಯೆತ್ತುತ್ತದೆ. ಕುರಿಯಿಂದ ಕುರಿಗೆ ಮುಟ್ಟಿದರೆ ಹರಡುವ ರೋಗವಲ್ಲ. ಕೆಸರು, ಹಿಕ್ಕೆ, ಸಗಣಿ ಕೂಡಿದ ತೇವದಲ್ಲಿ ಹುಟ್ಟುವ, ಸೊಳ್ಳೆಗಿಂತ ಬಹಳ ಚಿಕ್ಕದಾದ ಒಂದು ನೊರಜು ಸಂಜೆಯಿಂದ ಬೆಳಗಿನವರೆಗೆ ಕಚ್ಚಿ ವೈರಾಣುವನ್ನು ಹೊತ್ತು ತಿರುಗುತ್ತದೆ. ಮನುಷ್ಯರಿಗೆ ತಗಲುವುದಿಲ್ಲ. ಆ ವರ್ಷ ನಮ್ಮ ಹಿಂಡು ಕಾಲುವೆಯ ಕೆಳಗಿನ ಹಸಿಗದ್ದೆಗಳ ಅಂಚಿನಲ್ಲಿ ಬೀಡುಬಿಟ್ಟಿತ್ತು.

ಮೊದಲು ಎರಡು ಕುರಿಗಳು ಮೇಯುವುದನ್ನು ಬಿಟ್ಟವು. ಮೈ ಕಾದ ಹೆಂಚಿನಂತೆ. ತುಟಿ, ಕಿವಿ, ಗದ್ದದ ಕೆಳಗೆ ಬಾವು; ಮೂಗಿನಲ್ಲಿ ಸಿಂಬಳ ಗಟ್ಟಿಯಾಗಿ ಉಸಿರಿಗೂ ಕಷ್ಟ; ಬಾಯಲ್ಲಿ ನೊರೆಜೊಲ್ಲು. ಮೂರನೆಯ ದಿನ ಅಪ್ಪ ಒಂದರ ಬಾಯಿ ತೆರೆಸಿದಾಗ ನಾಲಿಗೆ ಹಲ್ಲಿನ ಹೊರಗೆ ಬರುವಷ್ಟು ಊದಿತ್ತು, ನೇರಳೆಹಣ್ಣು ತಿಂದಂತೆ ಕಂದಿತ್ತು. ವಾರದಲ್ಲಿ ಇಪ್ಪತ್ತಕ್ಕೂ ಹೆಚ್ಚು ಕುರಿಗಳು ಮಲಗಿದವು. ಕರುಳುಬೇನೆಯ ಲಸಿಕೆಯನ್ನು ಅಪ್ಪ ವರ್ಷವೂ ತಪ್ಪದೆ ಹಾಕಿಸುತ್ತಿದ್ದ. ಈ ರೋಗಕ್ಕೂ ಐದು ಬಗೆಯ ವೈರಾಣುಗಳನ್ನು ಕೂಡಿಸಿ ನಮ್ಮ ದೇಶದಲ್ಲಿಯೇ ತಯಾರಿಸಿದ ಲಸಿಕೆಯುಂಟೆಂಬುದು ನಮಗೆ ತಿಳಿದದ್ದು ಆಮೇಲೆ.

ಬಂದ ಪಶುವೈದ್ಯರು ಬಾವಿಗೆ, ಮೇಲೆ ಬೀಳುವ ಸೋಂಕಿಗೆ ಸೂಜಿ ಹಾಕಿ, ವೈರಾಣುವಿಗೆ ನೇರ ಔಷಧಿಯಿಲ್ಲವೆಂದು ಬಿಚ್ಚಿ ಹೇಳಿದರು. ಅವರು ಹೇಳಿದ ಇನ್ನೊಂದು ಮಾತನ್ನು ನಾನು ಬರೆದಿಟ್ಟುಕೊಂಡೆ: ವೈರಾಣು ಹಿಡಿಯುವುದು ಸಣ್ಣ ರಕ್ತನಾಳಗಳ ಒಳಗೋಡೆಯನ್ನು. ನಾಳ ಸೋರಿದರೆ ಬಾವು. ನಾಳ ಕಟ್ಟಿದರೆ ಅದರಾಚೆಯ ಸ್ನಾಯುವಿಗೆ ಗಾಳಿಯಿಲ್ಲದ ರಕ್ತ, ಅದೇ ನೀಲಿ ಬಣ್ಣ. ಆ ಸ್ನಾಯುತಂತುಗಳು ಅಲ್ಲಲ್ಲಿ ಸಾಯುತ್ತವೆ. ನಾಲಿಗೆಯಲ್ಲಿ ಮಾತ್ರವಲ್ಲ, ಕೊರಳಿನಲ್ಲಿ, ತೊಡೆಯಲ್ಲಿ ಸಹ. ಕೆಲವು ಕುರಿಗಳು ಕೊರಳು ತಿರುಚಿಕೊಂಡು ನಿಂತದ್ದು ಈ ಕಾರಣದಿಂದ. ಹಾಗಾದರೆ ಕುರಿ ಸಾಯುವುದು ಯಾತರಿಂದ? ಕೆಲವು ರೋಗದಿಂದಲೇ ಸಾಯುತ್ತವೆ. ಆದರೆ ಹಲವು ಸಾಯುವುದು ಹಸಿವೆಯಿಂದ, ನೀರಡಿಕೆಯಿಂದ. ಹುಲ್ಲು ಎದುರಿಗಿದೆ, ಕಡಿದದ್ದನ್ನು ಹಿಂದಕ್ಕೆ ದೂಡಲು ನಾಲಿಗೆಯಿಲ್ಲ.

ಇದು ತಿಳಿದ ಮೇಲೆ ಮನೆಯಲ್ಲಿ ಕೆಲಸ ಹಂಚಿಕೊಂಡೆವು. ಅವ್ವ ಜೋಳದ ಗಂಜಿಯನ್ನು ತೆಳ್ಳಗೆ ಕಾಯಿಸಿ ಬೆಲ್ಲ, ಉಪ್ಪು ಹಾಕುವಳು. ನಾನು ಕುರಿಯ ತಲೆಯನ್ನು ಮಡಿಲಲ್ಲಿಟ್ಟುಕೊಂಡು, ಕೆನ್ನೆಯ ಸಂದಿನಿಂದ, ಉಸಿರಿಗೆ ಹೋಗದಂತೆ ಸ್ವಲ್ಪ ಸ್ವಲ್ಪವೇ ಬಿಡುವೆನು. ಬಾಯಿಯನ್ನು ಉಪ್ಪುನೀರಿನಿಂದ ತೊಳೆದು ಹುಣ್ಣಿಗೆ ಜೇನು ಹಚ್ಚುವುದು, ಸಂಜೆ ಬೇವಿನ ಸೊಪ್ಪಿನ ಹೊಗೆ ಹಾಕುವುದು ಅಣ್ಣನ ಪಾಲು. ಹಿಂಡನ್ನು ಎತ್ತರದ ಒಣನೆಲಕ್ಕೆ, ಗುಡ್ಡದ ಬುಡಕ್ಕೆ ಸರಿಸಿದೆವು. ಹದಿನೈದು ದಿನ ನಾನು ಕಾಲೇಜಿಗೆ ಬರಲಿಲ್ಲ. ಹಾಜರಿಪುಸ್ತಕದಲ್ಲಿ ಆ ದಿನಗಳು ಖಾಲಿ. ನಮ್ಮ ಅರವತ್ತರಲ್ಲಿ ಒಂಬತ್ತು ಹೋದವು, ನಾಲ್ಕು ಕಂದು ಹಾಕಿದವು. ಗಂಜಿಯ ಮೇಲೆ ಬದುಕಿದವು ಹದಿನಾಲ್ಕು.

ಬದುಕಿದವುಗಳಲ್ಲಿ ಒಂದು ವ್ಯತ್ಯಾಸವನ್ನು ಕಂಡೆ. ಎರಡು ಹಲ್ಲಿನವು, ನಾಲ್ಕು ಹಲ್ಲಿನವು ಮೂರು ವಾರಗಳಲ್ಲಿ ತಾವೇ ಹುಲ್ಲು ಕಡಿದವು. ಬಾಯಿಗೂಡಿದ ಎರಡು ಕುರಿಗಳು ಎರಡು ತಿಂಗಳಾದರೂ ಮೇವನ್ನು ಬಾಯಿಯಿಂದ ಚೆಲ್ಲುತ್ತಿದ್ದವು. ಮೊದಲು ಹೇಳಿದ ಉಪಗ್ರಹ ಕೋಶಗಳೇ ಸತ್ತ ತಂತುವಿನ ಜಾಗದಲ್ಲಿ ಹೊಸದನ್ನು ಕಟ್ಟುವವು. ಅವು ಸಾಲದಿದ್ದಲ್ಲಿ ಬರಿಯ ನಾರಿನ ಕಲೆ ಉಳಿಯುತ್ತದೆ, ಕಲೆ ಕುಗ್ಗಲಾರದು. ನನ್ನ ಕಣ್ಣಿಗೆ ಕಂಡದ್ದಕ್ಕೆ ಇದೇ ಕಾರಣವೆಂದು ಅಧ್ಯಾಪಕರಿಗೆ ಉತ್ಸಾಹದಿಂದ ಹೇಳಿದೆ. ಅವರು, "ಮುದಿಕುರಿಗೆ ಹಲ್ಲೂ ಸವೆದಿತ್ತಲ್ಲವೆ?" ಎಂದು ಕೇಳಿದರು. ಸವೆದಿತ್ತು. ಹದಿನಾಲ್ಕು ಕುರಿಗಳ ಮೇಲೆ ಸಿದ್ಧಾಂತ ಕಟ್ಟಬಾರದೆಂಬುದನ್ನು ನಾನು ಆ ದಿನ ಕಲಿತೆ.

ಬಣ್ಣದ ಬಗ್ಗೆಯೂ ಒಂದು ಎಚ್ಚರಿಕೆ ಬೇಕು. ಹುಟ್ಟಿನಿಂದಲೇ ನಾಲಿಗೆ ಕಪ್ಪಾಗಿರುವ,ಮಚ್ಚೆಯಿರುವ ಕುರಿಗಳು ನಮ್ಮ ಹಿಂಡಿನಲ್ಲಿಯೇ ಇವೆ. ಆ ಕಪ್ಪು ಮೇಲಿನ ಚರ್ಮದ್ದು, ಒಳಗಿನ ಸ್ನಾಯುವಿನದಲ್ಲ. ಕೊಯ್ದರೆ ಒಳಗೆ ಕೆಂಪೇ. ಟಗರಿನ ನಾಲಿಗೆ ಕಪ್ಪಾಗಿದ್ದರೆ ಅದರ ಮರಿಗಳಿಗೆ ಕಪ್ಪು ಮಚ್ಚೆ ಬರುತ್ತದೆಂದೂ, ಅಂಥ ಟಗರನ್ನು ಹಿಂಡಿನಿಂದ ತೆಗೆಯಬೇಕೆಂದೂ ರೋಮಿನ ಕವಿ ವರ್ಜಿಲನು ಎರಡು ಸಾವಿರ ವರ್ಷದ ಹಿಂದೆ ತನ್ನ ಕೃಷಿಕಾವ್ಯದಲ್ಲಿ ಹೇಳಿದ್ದಾನೆ. ಇದನ್ನು ಅಪ್ಪನಿಗೆ ಓದಿ ಹೇಳಿದೆ. ಅಪ್ಪ ಬೀಡಿ ಆರಿಸಿ, "ಅಂವಗ ಬಿಳಿ ಉಣ್ಣಿ ಬೇಕಿತ್ತು, ನಮಗ ಕರಿ ಕಂಬಳಿ ಬೇಕು" ಎಂದು ತೀರ್ಪು ಕೊಟ್ಟ.

ರೋಗದ ವರ್ಷ ಅಣ್ಣ ಹಿಂಡನ್ನೆಲ್ಲ ಮಾರಿ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋಗುವ ಮಾತಾಡಿದ್ದ. ಕೊಳ್ಳುವವರು ಒಬ್ಬರು ಬಂದು ಬಾಯಿ ತೆರೆಸಿ ನೋಡಿ, ಕೇಳಿದ ಬೆಲೆಯ ಅರ್ಧಕ್ಕೆ ಇಳಿಸಿದ್ದರಿಂದ ಆ ಮಾತು ಅಲ್ಲಿಗೇ ನಿಂತಿತು. ಈ ವರ್ಷ ಮಳೆಗಾಲದ ಮೊದಲೇ ಅಪ್ಪ ನೀಲಿ ನಾಲಿಗೆಯ ಲಸಿಕೆ ಹಾಕಿಸಿದ್ದಾನೆ. ಟಗರು ಬಿಟ್ಟ ದಿನವನ್ನು ನಾನು ಗೋಡೆಯ ಮೇಲೆ ಸುಣ್ಣದಿಂದ ಬರೆದಿಟ್ಟಿದ್ದೆ. ಎರಡನೆಯ ತಿಂಗಳು ತುಂಬಿದ ಮೇಲೆ ಒಂದು ಸಂಜೆ ಹಿಂಡು ಬಂದಾಗ ಅವ್ವ ಯಾರಿಗೂ ಹೇಳದೆ ಜೋಳದ ಬುಟ್ಟಿಯನ್ನು ಹಟ್ಟಿಗೆ ಒಯ್ದದ್ದನ್ನು ನೋಡಿದೆ. ಸಂಕ್ರಾಂತಿಗೆ, ಮೈಲಾಪುರದ ಜಾತ್ರೆಗೆ ಜನ ಹೊರಟ ವಾರದಲ್ಲಿ, ಗಂಜಿ ಕುಡಿದು ಬದುಕಿದ ಕೆಂಗುರಿಯೊಂದು ಮರಿ ಹಾಕಿತು. ಅವ್ವ ದೀಪ ಹಿಡಿದು ನಿಂತು, ಈ ಸಲ ನನ್ನ ಕೈಯನ್ನು ಮುಂದೆ ನೂಕಿದಳು. ಕಿರುಬೆರಳನ್ನು ಬಾಯಲ್ಲಿಟ್ಟೆ. ಬೆಚ್ಚಗಿತ್ತು. ಮರಿ ಬೆರಳನ್ನು ಸುತ್ತಿ ಅಂಗುಳಕ್ಕೆ ಒತ್ತಿ ಎಳೆಯಿತು.